ಬಲಸುತ್ತು, ಎಡಸುತ್ತು

ಸಿರುಗುಪ್ಪದಲ್ಲಿ ಕೇಬಲ್ ಟಿವಿಯ ಕಾಲ ಮುಗಿಯುತ್ತ ಬಂದಾಗ ಹುಲುಗಮ್ಮನಿಗೆ ಮೂವತ್ತಾರು ವರ್ಷ. ಹನ್ನೊಂದು ವರ್ಷ ಅವಳು ಆದೋನಿ ರಸ್ತೆಯ ಒಂದು ಮಾಳಿಗೆ ಕೋಣೆಯಲ್ಲಿ ಕೂತು ಊರಿಗೆಲ್ಲ ಚಿತ್ರ ಹಂಚಿದ್ದಳು. ತವರೂರಾದ ಕರೂರಿನಿಂದ ಬಳ್ಳಾರಿಗೆ ಹೋಗಿ ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತ ಮೊದಲ ಹೆಣ್ಣುಮಗಳು ಅವಳೇ. ಆಂಪ್ಲಿಫೈಯರ್ ಸುಟ್ಟರೆ ಬೆಸುಗೆ ಹಾಕುವುದು, ಮಾಳಿಗೆಯಿಂದ ಮಾಳಿಗೆಗೆ ತಂತಿ ಎಳೆಯುವುದು, ಕೋತಿ ಕಿತ್ತ ಜೋಡಣೆಯನ್ನು ಮತ್ತೆ ಬಿಗಿಯುವುದು, ಎಲ್ಲ ಅವಳ ಕೈಯದೇ ಕೆಲಸ. ಧಾರಾವಾಹಿಯ ನಡುವೆ ಚಿತ್ರ ಹೋದರೆ ಜನ ಮಾಲೀಕನಿಗೆ ಫೋನ್ ಮಾಡುತ್ತಿರಲಿಲ್ಲ, ನೇರ ಅವಳಿಗೇ ಮಾಡುತ್ತಿದ್ದರು. ಗಂಡ ಮಾರೇಶ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಮಗಳು ಅನುಷಾ ಆಗ ಎಂಟನೇ ಕ್ಲಾಸು. ಮಾಳಿಗೆಗಳ ಮೇಲೆ ಒಂದೊಂದಾಗಿ ಸಣ್ಣ ಡಿಶ್‌ಗಳು ಏಳತೊಡಗಿದಾಗ, ಆಮೇಲೆ ಎಲ್ಲರೂ ಫೋನಿನಲ್ಲೇ ಸಿನಿಮಾ ನೋಡತೊಡಗಿದಾಗ, ಇನ್ನು ಈ ಕೋಣೆಗೆ ಬೀಗ ಬೀಳುವುದು ಖಂಡಿತ ಎಂದು ಅವಳಿಗೆ ಗೊತ್ತಾಗಿತ್ತು.

ಅಂಥ ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದವನು ಪವಮಾನ. ಬಳ್ಳಾರಿಯ ಸತ್ಯನಾರಾಯಣಪೇಟೆಯವನು, ಭೂಮಿಯ ಅಳತೆಗೆ ಸಂಬಂಧಪಟ್ಟ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಂಜಿನಿಯರ್. ಜೀಪಿನ ಮೇಲೆ ಕೊಂಬಿನಂಥ ಆಂಟೆನಾ ಕಟ್ಟಿಕೊಂಡು, ಸಿರುಗುಪ್ಪದಿಂದ ಕುರುಗೋಡಿನವರೆಗೆ ಎಲ್ಲಿ ರೇಡಿಯೋ ಗದ್ದಲ ಕಡಿಮೆ ಎಂದು ಹುಡುಕುತ್ತ ಹೊರಟಿದ್ದ. ಊರೊಳಗೆ ಒಂದು ಕಡೆ ಅವನ ಪರದೆಯ ಮೇಲೆ ಮುಳ್ಳಿನಂತೆ ಒಂದು ಗೆರೆ ಎದ್ದು ನಿಂತಿತ್ತು. ಅದರ ಜಾಡು ಹಿಡಿದು ಬಂದರೆ ಅದು ಹುಲುಗಮ್ಮನ ಕೋಣೆಯಿಂದಲೇ ಸೋರುತ್ತಿತ್ತು. ಅವನಿನ್ನೂ ಮಾತು ಮುಗಿಸಿರಲಿಲ್ಲ, ಅವಳು ಹಿಂದಿನ ಗೋಡೆಯ ನಾಲ್ಕನೇ ಜೋಡಣೆ ಬಿಚ್ಚಿ, ತಂತಿಯ ತುದಿ ಕತ್ತರಿಸಿ, ಹೊಸದಾಗಿ ಕೂರಿಸಿ ಬಿಗಿದಳು. ಕೆಳಗೆ ಜೀಪಿನಲ್ಲಿದ್ದ ಡ್ರೈವರು ಗೆರೆ ಹೋಯಿತೆಂದು ಕೂಗಿ ಹೇಳಿದ. ನಾಲ್ಕನೆಯದೇ ಎಂದು ಹೇಗೆ ಗೊತ್ತಾಯಿತು ಎಂದು ಪವಮಾನ ಕೇಳಿದ. ಬಿಸಿಲು ಏರಿದಾಗ ಅದು ಸಡಿಲಾಗುತ್ತದೆ, ನಾಲ್ಕು ದಿನದಿಂದ ಒಂದು ಚಾನೆಲ್ ಮಧ್ಯಾಹ್ನ ಮಾತ್ರ ಮಸುಕಾಗುತ್ತಿತ್ತು ಎಂದಳು. ಅವನು ಅವಳ ನಂಬರು ಬರೆದುಕೊಂಡು ಹೋದ.

ಮರುವರ್ಷ ಕುರುಗೋಡಿನ ಗುಡ್ಡಗಳ ಹಿಂದೆ ಹದಿಮೂರು ಮೀಟರ್ ಅಗಲದ ಬಿಳಿ ಡಿಶ್ ಎದ್ದು ನಿಂತಿತು. ಅಲ್ಲಿನ ಬಂಡೆ ಅಲುಗುವುದಿಲ್ಲ, ಬಳ್ಳಾರಿಯ ಮೊಬೈಲ್ ಟವರುಗಳ ಗದ್ದಲವನ್ನು ಗುಡ್ಡವೇ ತಡೆಯುತ್ತದೆ ಎಂದು ಆ ಜಾಗ ಆರಿಸಿದ್ದರು. ಪರೀಕ್ಷಾ ಕೇಂದ್ರಕ್ಕೆ ಒಬ್ಬ ಟೆಕ್ನಿಷಿಯನ್ ಬೇಕಾದಾಗ ಅದರ ಮುಖ್ಯಸ್ಥನಾದ ಪವಮಾನ ಬೇರೆ ಯಾರನ್ನೂ ಕೇಳದೆ ಹುಲುಗಮ್ಮನಿಗೆ ಫೋನ್ ಮಾಡಿದ. ಕೆಲಸ ಗುತ್ತಿಗೆಯದು, ವರ್ಷಕ್ಕೊಮ್ಮೆ ಮುಂದುವರಿಸುವಂಥದು. ಅವಳು ದೊಡ್ಡಬಸವೇಶ್ವರ ಗುಡಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಳು. ಶನಿವಾರ ಎರಡು ಬಸ್ಸು ಬದಲಿಸಿ ಸಿರುಗುಪ್ಪಕ್ಕೆ, ಸೋಮವಾರ ಬೆಳಗ್ಗೆ ಮತ್ತೆ ಕುರುಗೋಡಿಗೆ.

ಅಲ್ಲಿ ಏನು ಮಾಡುತ್ತೀ ಎಂದು ಮಾರೇಶ ಕೇಳಿದರೆ ಮೊದಮೊದಲು ಅವಳಿಗೆ ಹೇಳಲು ಬರುತ್ತಿರಲಿಲ್ಲ. ಪವಮಾನ ಹೇಳಿಕೊಟ್ಟ. ಎಣಿಕೆಗೆ ಸಿಗದಷ್ಟು ದೂರದಲ್ಲಿ ಕ್ವೇಸಾರ್ ಎಂಬ ಜ್ವಾಲೆಗಳಿವೆ. ಅವುಗಳ ರೇಡಿಯೋ ಅಲೆ ಭೂಮಿಯ ಮೇಲಿನ ಎರಡು ಡಿಶ್‌ಗಳಿಗೆ ಒಂದೇ ಗಳಿಗೆಯಲ್ಲಿ ಮುಟ್ಟುವುದಿಲ್ಲ. ಒಂದಕ್ಕೆ ಚೂರು ಮೊದಲು, ಇನ್ನೊಂದಕ್ಕೆ ಚೂರು ತಡ. ಆ ತಡವನ್ನು ಸರಿಯಾಗಿ ಅಳೆದರೆ ಎರಡು ಡಿಶ್‌ಗಳ ನಡುವಿನ ದೂರ ಮಿಲಿಮೀಟರಿನ ತನಕ ಸಿಗುತ್ತದೆ. ನೆಲ ಎತ್ತ ಸರಿಯುತ್ತಿದೆ, ಭೂಮಿ ಎಷ್ಟು ವೇಗವಾಗಿ ತಿರುಗುತ್ತಿದೆ, ಎಲ್ಲ ಅದರಿಂದಲೇ. ಹಳೆಯ ಯಂತ್ರಗಳು ಎರಡು ಸಣ್ಣ ಕಿಂಡಿಗಳಿಂದ ಮಾತ್ರ ಕೇಳುತ್ತಿದ್ದವು. ಕುರುಗೋಡಿನದು ಎರಡರಿಂದ ಹದಿನಾಲ್ಕು ಗಿಗಾಹರ್ಟ್ಸ್‌ವರೆಗೆ ಇಡೀ ಬಾಗಿಲು ತೆರೆದುಕೊಂಡು ಕೇಳುವಂಥದು. ನಿಮಿಷಕ್ಕೊಂದು ಕ್ವೇಸಾರ್ ನೋಡಿ ಸರಕ್ಕನೆ ಮುಂದಿನದಕ್ಕೆ ತಿರುಗಬೇಕು. ಇದನ್ನೆಲ್ಲ ಅವಳು ಮಾರೇಶನಿಗೆ ಹೇಳಿದಾಗ ಅವನು, ಅಂದರೆ ನೀವು ನೆಲಕ್ಕೆ ಟೇಪು ಹಿಡಿಯುವವರು ಎಂದ. ಹೌದು, ಅಷ್ಟೇ, ಎಂದು ಅವಳು ನಕ್ಕಳು.

ಪವಮಾನ ಒಳ್ಳೆಯ ಗುರುವಾಗಿದ್ದ. ಐಟಿಐ ಕಲಿತವಳು ಎಂದು ಯಾವುದನ್ನೂ ಮುಚ್ಚಿಡಲಿಲ್ಲ. ರಿಸೀವರನ್ನು ಹೀಲಿಯಂನಿಂದ ಯಾಕೆ ಅಷ್ಟು ತಣ್ಣಗಿಡಬೇಕು, ಪರದೆಯ ಮೇಲಿನ ಹುಲ್ಲಿನಂಥ ಗೆರೆಗಳಲ್ಲಿ ಆಕಾಶದ್ದು ಯಾವುದು, ಟವರಿನದು ಯಾವುದು, ಎಲ್ಲ ಪಕ್ಕದಲ್ಲಿ ಕುರ್ಚಿ ಹಾಕಿಸಿ ಕಲಿಸಿದ. ಹೊರಗಿನ ಎಂಜಿನಿಯರುಗಳು ಬಂದರೆ, ಈ ಯಂತ್ರದ ನಾಡಿ ಹಿಡಿಯುವವಳು ಇವಳು ಎಂದು ಪರಿಚಯಿಸುತ್ತಿದ್ದ. ಸಾಮಾನು ತರಲು ಬಳ್ಳಾರಿಗೆ ಹೋದಾಗ ಅವನ ತಾಯಿ ಗಂಗಾಬಾಯಿ ಅವಳನ್ನು ನಡುಮನೆಯಲ್ಲೇ ಕೂರಿಸಿ ಕಾಫಿ ಕೊಡುತ್ತಿದ್ದರು. ಆಕೆ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕರೂರಿನ ಹುಡುಗಿ ಪಿಕೋಸೆಕೆಂಡಿನ, ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿನ, ಲೆಕ್ಕ ಹೇಳುವುದನ್ನು ಕೇಳಿ ಆಕೆಗೆ ಖುಷಿಯೋ ಖುಷಿ. ಹುಲುಗಮ್ಮನಿಗೆ ಒಡಹುಟ್ಟಿದ ಅಣ್ಣಂದಿರಿರಲಿಲ್ಲ. ಪವಮಾನನನ್ನು ಸರ್ ಎಂದೇ ಕರೆಯುತ್ತಿದ್ದಳು, ಆದರೆ ಮನಸ್ಸಿನಲ್ಲಿ ಆ ಜಾಗ ಅವನದಾಗಿತ್ತು.

ಎರಡನೆಯ ವರ್ಷ ತೊಡಕು ಶುರುವಾಯಿತು. ಉತ್ತರದಲ್ಲಿದ್ದ ಸಂಸ್ಥೆಯ ಇನ್ನೊಂದು ಡಿಶ್‌ಗೂ ಕುರುಗೋಡಿಗೂ ನಡುವಿನ ದೂರ ಅಳೆದರೆ, ಒಂದು ಸಲ ಬಂದ ಉತ್ತರ ಇನ್ನೊಂದು ಸಲ ಬರುತ್ತಿರಲಿಲ್ಲ. ಆರು ಏಳು ಮಿಲಿಮೀಟರ್ ಆಚೀಚೆ. ಬೇರೆ ಕೆಲಸಕ್ಕೆ ಅದು ಏನೂ ಅಲ್ಲ, ಈ ಕೆಲಸಕ್ಕೆ ಅದು ಇಡೀ ಯಂತ್ರ ದಂಡ ಎಂದ ಹಾಗೆ. ಪವಮಾನ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ.

ಕೋಣೆಯೊಳಗಿನ ಪರಮಾಣು ಗಡಿಯಾರದಿಂದ ಡಿಶ್ ಮೇಲಿನ ರಿಸೀವರಿಗೆ ಒಂದು ಕೇಬಲ್ ಹೋಗುತ್ತಿತ್ತು. ಅದರ ಮೂಲಕ ಹೋದ ಮಿಡಿತವೇ ಎಲ್ಲ ಅಳತೆಗೂ ಗುರುತು. ಕೇಬಲ್ ಕೂದಲೆಳೆಯಷ್ಟು ಉದ್ದವಾದರೂ ಮಿಡಿತ ತಡವಾಗುತ್ತದೆ, ನೋಡುವವರಿಗೆ ನೆಲವೇ ಸರಿದಂತೆ ಕಾಣುತ್ತದೆ. ಆ ಕೇಬಲಿನ ಉದ್ದವನ್ನು ಸದಾ ಅಳೆಯುತ್ತಿರುವ ಒಂದು ಪೆಟ್ಟಿಗೆ ಮೊದಲ ನಕ್ಷೆಯಲ್ಲಿತ್ತು. ಅದು ಬರುವುದು ತಡವಾಗುತ್ತದೆ, ಸದ್ಯಕ್ಕೆ ಬೇಡ ಎಂದು ಪವಮಾನನೇ ಅದನ್ನು ಕೈಬಿಟ್ಟಿದ್ದ. ಹುಲುಗಮ್ಮನಿಗೆ ಅದು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಕೇಬಲ್. ಸಿರುಗುಪ್ಪದ ಮಾಳಿಗೆಗಳ ಮೇಲೆ ಒಂದೇ ಕಡೆ ತಿರುಚಿ ಸುತ್ತಿದ ತಂತಿ ಹೇಗೆ ಸುಸ್ತಾಗುತ್ತದೆ ಎಂದು ಅವಳು ಹನ್ನೊಂದು ವರ್ಷ ನೋಡಿದ್ದಳು. ಡಿಶ್ ತಿರುಗಿದಂತೆ ಈ ಕೇಬಲೂ ಡಿಶ್ ಹೊತ್ತ ಕಂಬದೊಳಗೆ ತಿರುಚಿಕೊಳ್ಳುತ್ತದಲ್ಲವೇ? ಒಂದೇ ಕ್ವೇಸಾರಿಗೆ ಬಲಗಡೆಯಿಂದ ತಿರುಗಿ ಹೋಗಬಹುದು, ಎಡಗಡೆಯಿಂದ ಸುತ್ತು ಹೊಡೆದೂ ಹೋಗಬಹುದು. ಡಿಶ್ ನೋಡುವ ದಿಕ್ಕು ಒಂದೇ, ಆದರೆ ಕೇಬಲಿನ ತಿರುಚು ಬೇರೆ.

ಅವಳು ಪರೀಕ್ಷೆ ಮಾಡಿಯೇ ನೋಡಿದಳು. ಬಲದಿಂದ ಹೋದಾಗಿನ ಮಿಡಿತಕ್ಕೂ ಎಡದಿಂದ ಹೋದಾಗಿನ ಮಿಡಿತಕ್ಕೂ ಇಪ್ಪತ್ತು ಪಿಕೋಸೆಕೆಂಡು ವ್ಯತ್ಯಾಸ. ಅಳತೆಗೆ ತಂದರೆ ಆರು ಮಿಲಿಮೀಟರ್. ಪವಮಾನನಿಗೆ ತೋರಿಸಿದಾಗ ಅವನು ಪ್ರತಿ ಅಂಕಿಯನ್ನೂ ತಾನೇ ಲೆಕ್ಕ ಹಾಕಿ ನೋಡಿದ. ಚಲೋ ನೋಡಿದ್ದೀ, ಇನ್ನಷ್ಟು ದಿನ ಬರೆದಿಡು ಎಂದ. ನಲವತ್ತು ದಿನ ಅವಳು ಬರೆದಳು. ಹೊತ್ತು, ಬಿಸಿಲಿನ ಡಿಗ್ರಿ, ಬಲಸುತ್ತು, ಎಡಸುತ್ತು, ಮಿಡಿತದ ತಡ. ಎರಡು ನೋಟುಬುಕ್ಕು ತುಂಬಿದವು. ಮೇ ತಿಂಗಳ ಕೊನೆಗೆ ಪವಮಾನ ಹಾಳೆ ಹಾಳೆಯ ಫೋಟೋ ತೆಗೆದುಕೊಂಡ. ಆಮೇಲೆ ಆ ಮಾತೇ ಎತ್ತಲಿಲ್ಲ. ದೊಡ್ಡವರ ಹತ್ತಿರ ಮಾತಾಡುತ್ತಿರಬೇಕು ಎಂದುಕೊಂಡಳು.

ಅದೇ ತಿಂಗಳು ಒಂದು ದಿನ ಪವಮಾನ ಬಳ್ಳಾರಿಯಿಂದ ಫೋನ್ ಮಾಡಿ, ರಿಸೀವರಿನ ಮೇಲಿನ ಜೋಡಣೆ ಸಡಿಲಾಗಿರಬಹುದು, ಬಿಚ್ಚಿ ಮತ್ತೆ ಬಿಗಿ ಎಂದಿದ್ದ. ಅವಳು ಅಳತೆಯ ಪಾನ, ಅಂದರೆ ಬಿಗಿತ ಸಾಕಾದಾಗ ಸದ್ದು ಮಾಡುವ ಸ್ಪ್ಯಾನರು, ಹಿಡಿದು, ಟಕ್ಕೆನ್ನುವ ತನಕ ಬಿಗಿದು ಇಳಿದಿದ್ದಳು. ಐದು ನಿಮಿಷದ ಕೆಲಸ, ಅವಳು ಮರೆತೂ ಬಿಟ್ಟಿದ್ದಳು.

ಆಗಸ್ಟ್‌ನಲ್ಲಿ ಮುಖ್ಯ ಕಚೇರಿಯಿಂದ ಪರಿಶೀಲನಾ ಸಮಿತಿ ಬರುವುದಿತ್ತು. ಹಿಂದಿನ ದಿನ ಪವಮಾನ ಅವಳ ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಟೈಪಾದ ಒಂದು ಹಾಳೆ ಇಟ್ಟ. ಮುಖ ಬಾಡಿತ್ತು. ಅವನಿಗೆ ಆರಾಮವಿಲ್ಲವೇನೋ ಎಂದು ಅವಳಿಗೆ ಅನ್ನಿಸಿತು.

"ಮೇ ತಿಂಗಳಾಗ ನೀನು ಜೋಡಣಿ ಬಿಗಿದದ್ದು ಹೌದಲ್ಲ, ಅದನ್ನೇ ಬರೆದೀನಿ. ಕಮಿಟಿಯವರಿಗೆ ಫೈಲಿನೊಳಗ ಒಂದು ಕಾಗದ ಬೇಕು," ಎಂದ.

"ನನಗೇನೂ ಆಗಂಗಿಲ್ಲಲ್ರಿ ಸರ್?"

"ನಾ ಇದ್ದೀನಲ್ಲ."

ಅವಳಿಗೆ ಇಂಗ್ಲಿಷ್ ಓದಲು ಬರುತ್ತಿತ್ತು, ನಿಧಾನಕ್ಕೆ, ಮೀಟರಿನ ಮೇಲಿನ ಪದಗಳ ಮಟ್ಟಿಗೆ. ಆ ಹಾಳೆಯಲ್ಲಿ ಕನೆಕ್ಟರ್ ಎಂಬುದನ್ನೂ ತನ್ನ ಹೆಸರನ್ನೂ ಗುರುತಿಸಿದಳು. ಉಳಿದ ಸಾಲುಗಳನ್ನು ಬೆರಳಿಟ್ಟು ಓದುತ್ತ ಕೂತರೆ ಅವನ ಮಾತನ್ನು ಅನುಮಾನಿಸಿದಂತೆ ಆಗುತ್ತದೆ ಎಂದು ನಾಚಿಕೆಯಾಯಿತು. ಕನ್ನಡದಲ್ಲಿ ದುಂಡಗೆ ಸಹಿ ಮಾಡಿ ಕೊಟ್ಟಳು.

ಮೂರು ವಾರದ ಮೇಲೆ ಸಿರುಗುಪ್ಪದ ಮನೆಗೆ ರಿಜಿಸ್ಟರ್ ಕಾಗದ ಬಂತು. ಅಷ್ಟರಲ್ಲಿ ಪಿಯುಸಿ ಸೇರಿದ್ದ ಅನುಷಾ ಒಡೆದು ಓದಿದಳು. ಓದುತ್ತ ಓದುತ್ತ ಅವಳ ದನಿ ಸಣ್ಣದಾಯಿತು. ಟೆಕ್ನಿಷಿಯನ್ ಯಾರ ಅಪ್ಪಣೆಯೂ ಇಲ್ಲದೆ ರಿಸೀವರಿನ ಜೋಡಣೆ ಬಿಚ್ಚಿದ್ದಾಳೆ, ಮಿತಿ ಮೀರಿ ಬಿಗಿದು ಅದನ್ನು ಕೆಡಿಸಿದ್ದಾಳೆ, ಅಳತೆಗಳು ತಪ್ಪಿದ್ದು ಅದರಿಂದಲೇ, ಇದನ್ನು ಆಕೆಯೇ ಬರೆದು ಒಪ್ಪಿಕೊಂಡಿದ್ದಾಳೆ. ಆದ್ದರಿಂದ ಗುತ್ತಿಗೆಯನ್ನು ಕೂಡಲೇ ಕೊನೆಗೊಳಿಸಲಾಗಿದೆ.

"ಅವ್ವಾ, ನೀನ ಒಪ್ಪಿಕೊಂಡೀ ಅಂತ ಐತಲ್ಲ," ಎಂದಳು ಅನುಷಾ.

ಹುಲುಗಮ್ಮ ಅಂಗಳಕ್ಕೆ ಹೋಗಿ ಪವಮಾನನಿಗೆ ಫೋನ್ ಮಾಡಿದಳು. ಅವನು ಸಿಟ್ಟಾಗಲಿಲ್ಲ, ತಪ್ಪಿಸಿಕೊಳ್ಳಲೂ ಇಲ್ಲ. ಮೆತ್ತಗೆ ಮಾತಾಡಿದ. ಸಮಿತಿಯವರು ಬಿಚ್ಚಿ ನೋಡಿದರು, ಒಳಗಿನ ತಿರುಪಿನ ಗೆರೆ ಸವೆದಿತ್ತು, ತಾನು ಎಷ್ಟೋ ಹೇಳಿ ನೋಡಿದೆ, ಕೇಳಲಿಲ್ಲ ಎಂದ. ಅಪ್ಪಣೆ ಇಲ್ಲದೆ ಎಂದು ಯಾಕೆ ಬರೆದಿರಿ, ನೀವೇ ಫೋನ್ ಮಾಡಿ ಹೇಳಿದ್ದಿರಲ್ಲ ಎಂದು ಅವಳು ಕೇಳಿದಾಗ, ಬಾಯಿಮಾತಿನ ಅಪ್ಪಣೆ ಫೈಲಿಗೆ ಬರುವುದಿಲ್ಲ ಎಂದ. ಕೊನೆಗೆ, "ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲಮ್ಮ. ಕೈತಪ್ಪು ಯಾರಿಗಾದರೂ ಆಗ್ತದ," ಎಂದು ಫೋನ್ ಇಟ್ಟ.

ಕೆಲಸ ಹೋದದ್ದಕ್ಕಿಂತ ಆ ಒಂದು ಮಾತು ಅವಳನ್ನು ತಿಂದಿತು. ಬಲಸುತ್ತು ಎಡಸುತ್ತಿನ ಲೆಕ್ಕವೂ ಅವಳಿಗೆ ಸುಳ್ಳೆನಿಸತೊಡಗಿತು. ತಾನು ಕೆಡಿಸಿದ ಜೋಡಣೆಯೇ ತನಗೆ ಏನೇನೋ ತೋರಿಸಿರಬೇಕು, ತಾನು ಅದನ್ನು ಜಾಣತನ ಎಂದುಕೊಂಡಿರಬೇಕು. ಜೋಡಣೆ ಬಿಗಿದದ್ದು ಬಹುತೇಕ ಬರೆದು ಮುಗಿಸಿದ ಮೇಲೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಸರ್ ಹೇಳಿದ ಮೇಲೆ ತಾರೀಖು ತಾಳೆ ನೋಡುವ ಬುದ್ಧಿ ಅವಳಿಗೆ ಬರಲಿಲ್ಲ.

ಮಾರೇಶನ ಗಿರಣಿಯಲ್ಲಿ ಅಕ್ಕಿಯ ಕಪ್ಪು ಕಾಳು ಆರಿಸುವ ಕ್ಯಾಮೆರಾ ಯಂತ್ರ ನಿಂತುಹೋದಾಗ ಮಾಲೀಕ ಜಂಬುನಾಥ ಅವಳನ್ನು ಕರೆಸಿದರು. ತಪ್ಪು ಎಲ್ಲಿದೆ ಎಂದು ಮುಟ್ಟುವ ಮೊದಲೇ ಅವಳಿಗೆ ತಿಳಿಯಿತು, ಹಿಂಬದಿಯ ಒಂದು ಜೋಡಣೆ ಸಡಿಲಾಗಿತ್ತು. ಬಿಗಿದಳು. ಹೆಚ್ಚಾಯಿತೇನೋ ಎಂದು ಸಡಿಲಿಸಿದಳು. ಮತ್ತೆ ಬಿಗಿದಳು. ಬೆವರಿದ ಬೆರಳು ಪಾನದ ಮೇಲೆ ನಿಲ್ಲಲಿಲ್ಲ. ಕೊನೆಗೆ ಪಾನವನ್ನು ಮಾರೇಶನ ಕೈಗೆ ಕೊಟ್ಟು, ನೀನೇ ಬಿಗಿ ಎಂದು ಆಚೆ ಬಂದು ನಿಂತಳು. ಬಾಯ್ಲರ್ ಬಿಟ್ಟು ಬೇರೆ ಯಂತ್ರ ಮುಟ್ಟಿದವನಲ್ಲ ಅವನು. ಆದರೂ ಬಿಗಿದ, ಯಂತ್ರ ಓಡಿತು. ಮರುದಿನದಿಂದ ಅವಳು ಕರೂರಿಗೆ ಹೋಗಿ ತವರಿನವರ ಜೊತೆ ಗದ್ದೆಯಲ್ಲಿ ನಾಟಿಗೆ ನಿಂತಳು. ಬಾಗಿ ಸಸಿ ಊರುವ ಕೆಲಸದಲ್ಲಿ ಕೈ ನಡುಗಿದರೂ ಯಾರಿಗೂ ಕಾಣುವುದಿಲ್ಲ.

ಫೆಬ್ರವರಿಯಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಶ್ರೀಕೃತಿ ಎಂಬ ಹುಡುಗಿ, ಕುರುಗೋಡಿನ ಕೇಂದ್ರಕ್ಕೆ ಹೊಸದಾಗಿ ಬಂದ ವಿಜ್ಞಾನಿ. ಕಪಾಟು ಸರಿಮಾಡುವಾಗ ಕನ್ನಡದಲ್ಲಿ ಬರೆದ ಎರಡು ನೋಟುಬುಕ್ಕು ಸಿಕ್ಕಿವೆ, ಅದರಲ್ಲಿ ಸಾಲುಸಾಲಾಗಿ ಬಸು, ಎಸು ಎಂದು ಬರೆದಿದೆ, ಅಂದರೆ ಏನು ಎಂದು ಕೇಳಿದಳು. ಹುಲುಗಮ್ಮ ಬದುವಿನ ಮೇಲೆ ನಿಂತು, ಕೆಸರು ಕೈಯಲ್ಲೇ ಫೋನ್ ಹಿಡಿದು, ಬಲಸುತ್ತು, ಎಡಸುತ್ತು ಎಂದಳು. ಅದೆಲ್ಲ ತಪ್ಪು ಲೆಕ್ಕ, ಬಿಟ್ಟುಬಿಡಿ, ನಾನೇ ಜೋಡಣೆ ಕೆಡಿಸಿದ್ದೆ ಎಂದೂ ಸೇರಿಸಿದಳು.

ಆ ಕಡೆ ಹಾಳೆ ತಿರುವುವ ಸದ್ದು ಕೇಳಿತು.

"ಅಕ್ಕಾ, ಆ ಜೋಡಣೆ ಬದಲಿಸಿ ಐದು ತಿಂಗಳಾತು," ಎಂದಳು ಶ್ರೀಕೃತಿ. "ರಿಸೀವರನ್ನೂ ಬದಲಿಸೀವಿ. ಆರು ಮಿಲಿಮೀಟರ್ ಹಂಗೇ ಐತಿ."

ಅವಳು ಇನ್ನೂ ಒಂದು ವಿಷಯ ಹೇಳಿದಳು, ಅದು ಹುಲುಗಮ್ಮನಿಗೆ ಎಂಥ ಮಾತು ಎಂದು ಅವಳಿಗೆ ಗೊತ್ತಿರಲಿಲ್ಲ. ಪವಮಾನ ಸರ್ ಜೂನ್‌ನಲ್ಲೇ ಒಂದು ಸಮ್ಮೇಳನಕ್ಕೆ ಪ್ರಬಂಧ ಕಳಿಸಿದ್ದಾರೆ, ಕೇಬಲ್ ತಿರುಚಿ ಮಿಡಿತ ತಡವಾಗುವುದರ ಮೇಲೆ, ಯಾವ ಕೇಂದ್ರದ್ದು ಎಂದು ಹೇಳದೆ. ಅದರೊಳಗಿನ ಅಂಕಿಗಳೂ ಈ ನೋಟುಬುಕ್ಕಿನ ಅಂಕಿಗಳೂ ಒಂದೇ. ಕರ್ತೃಗಳಲ್ಲಿ ಯಾರ ಅಕ್ಷರವೂ ಇದಲ್ಲ, ಅದಕ್ಕೇ ಬರೆದವರು ಯಾರು ಎಂದು ವಿಚಾರಿಸಿ ನಂಬರು ಹುಡುಕಿದೆ ಎಂದಳು.

ಹುಲುಗಮ್ಮ ಬದುವಿನ ಮೇಲೆ ಕೂತಳು. ಪ್ರಬಂಧ ಜೂನ್‌ನಲ್ಲಿ. ಕಾಗದಕ್ಕೆ ಸಹಿ ಹಾಕಿಸಿಕೊಂಡದ್ದು ಆಗಸ್ಟ್‌ನಲ್ಲಿ. ಅಂದರೆ ಆ ಹಾಳೆ ಮೇಜಿನ ಮೇಲೆ ಇಡುವಾಗಲೇ ತಪ್ಪು ಕೇಬಲಿನದು ಎಂದು ಅವನಿಗೆ ಗೊತ್ತಿತ್ತು. ಕೈತಪ್ಪು ಯಾರಿಗಾದರೂ ಆಗುತ್ತದೆ ಎಂದು ಸಮಾಧಾನ ಹೇಳುವಾಗಲೂ ಗೊತ್ತಿತ್ತು. ನಾಟಿಯ ಹೆಂಗಸರು ಕರೆದರು, ಅವಳಿಗೆ ಕೇಳಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೇ ಬಳ್ಳಾರಿಗೆ ಹೋದಳು. ಭಾನುವಾರ. ಬಾಗಿಲು ತೆಗೆದವರು ಗಂಗಾಬಾಯಿ. ಇಷ್ಟು ದಿನ ಯಾಕೆ ಬರಲಿಲ್ಲ, ಬೇರೆ ಕಡೆ ಚಲೋ ಕೆಲಸ ಸಿಕ್ಕಿತು ಎಂದು ಪವಮಾನ ಹೇಳಿದ ಎಂದು ಆಕೆ ಮಾತು ಶುರುಮಾಡಿದರು. ತಾಯಿಗೂ ಬೇರೊಂದು ಕತೆ ಹೇಳಿದ್ದ. ಹುಲುಗಮ್ಮ ಕೂತುಕೊಳ್ಳಲಿಲ್ಲ. ಸರ್ ಹತ್ತಿರ ಎರಡು ಮಾತು ಆಡಬೇಕು ಎಂದಳು.

ಪವಮಾನ ಒಳಗಿನಿಂದ ಬಂದ. ಅವಳನ್ನು ನೋಡಿದ ಕೂಡಲೇ ಅವನಿಗೆ ತಿಳಿಯಿತು. ತಾಯಿಯನ್ನು ಕಾಫಿ ಮಾಡಲು ಹೇಳಿ ಒಳಗೆ ಕಳಿಸಲು ನೋಡಿದ, ಆಕೆ ಹೋಗಲಿಲ್ಲ.

"ನಾನು ಸಹಿ ಮಾಡಿದ ದಿನ ನಿಮಗ ಗೊತ್ತಿತ್ತೇನ್ರಿ ಸರ್?" ಎಂದು ಹುಲುಗಮ್ಮ ಕೇಳಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನೂರು ಮಾತು ಜೋಡಿಸಿಕೊಂಡು ಬಂದಿದ್ದಳು, ಬಾಯಿಗೆ ಬಂದದ್ದು ಇದೊಂದೇ.

ಅವನು ಕಿಟಕಿ ಕಡೆ ನೋಡಿದ. "ಗೊತ್ತಿತ್ತು," ಎಂದ.

ಆಮೇಲೆ ಅವನು ಬಹಳ ಮಾತಾಡಿದ. ಕೇಬಲ್ ಅಳೆಯುವ ಪೆಟ್ಟಿಗೆ ಬಿಡೋಣ ಎಂದು ಬರೆದುಕೊಟ್ಟವನು ತಾನೇ, ನಕ್ಷೆಯ ತಪ್ಪು ಎಂದು ಹೊರಬಿದ್ದಿದ್ದರೆ ಸಮಿತಿ ಕೇಂದ್ರವನ್ನೇ ಮುಚ್ಚುತ್ತಿತ್ತು, ಇಪ್ಪತ್ತು ವರ್ಷದ ಕನಸು ಮಣ್ಣಾಗುತ್ತಿತ್ತು, ಯಾವುದಾದರೂ ಒಂದು ಸಣ್ಣ ಕಾರಣ ತೋರಿಸಿ ಒಂದು ವರ್ಷ ಗಳಿಸಿಕೊಳ್ಳಬೇಕಿತ್ತು. ಗುತ್ತಿಗೆಯವರು ಇವತ್ತು ಇರುತ್ತಾರೆ, ನಾಳೆ ಹೋಗುತ್ತಾರೆ. ಮುಂದೆ ಎಲ್ಲ ಸರಿಹೋದ ಮೇಲೆ ನಿನ್ನನ್ನು ತಿರುಗಿ ಕರೆಸಬೇಕು ಎಂದೇ ಇದ್ದೆ ಎಂದ. ಸುಳ್ಳು ಹೇಳುತ್ತಿರಲಿಲ್ಲ ಅವನು, ಪ್ರತಿಯೊಂದನ್ನೂ ನಿಜವಾಗಿ ನಂಬಿದ್ದ. ಹುಲುಗಮ್ಮನಿಗೆ ಅದೇ ಹೆಚ್ಚು ಸಂಕಟವಾಯಿತು.

"ನೌಕರಿ ಹೋತು, ಹೋಗ್ಲಿ," ಎಂದಳು. "ಆರು ತಿಂಗಳು ನನ್ನ ಕೈ ಮ್ಯಾಲೆ ನನಗ ನಂಬಿಕಿ ಇಲ್ಲದಂಗ ಮಾಡಿದ್ರಲ್ರಿ. ಪಾನ ಹಿಡಿಯಾಕ ಹೆದರಾಕತ್ತೀನಿ ನಾನು. ಒಂದು ಫೋನ್ ಮಾಡಿ, ತಪ್ಪು ನಿಂದಲ್ಲ ಅಂತ ನನಗೊಬ್ಬಾಕಿಗರ ಹೇಳಬಹುದಿತ್ತಲ್ಲ."

ಇದನ್ನೆಲ್ಲ ಸಮಿತಿಗೆ ಬರೆದುಕೊಡುತ್ತೀರಾ ಎಂದು ಅವಳು ಕೇಳಿದಳು. ಸ್ವಲ್ಪ ಸಮಯ ಕೊಡು ಎಂದ. ಗಂಗಾಬಾಯಿ ಅಷ್ಟು ಹೊತ್ತು ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು. ಮಗನ ಕಡೆ ತಿರುಗಿ, "ಇವಳ ನೋಟುಬುಕ್ಕು ನೋಡಿ ಉತ್ತರ ಬರೆದು, ಇವಳನ್ನೇ ನಾಪಾಸು ಮಾಡಿಬಿಟ್ಟಿಯಲ್ಲೋ," ಎಂದರು. ಹುಲುಗಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದಳು. ಆಕೆ ಗೇಟಿನ ತನಕ ಬಂದರು, ಆದರೆ ಕರೆಯಲಿಲ್ಲ.

ಒಂದು ತಿಂಗಳು ಕಾದರೂ ಪವಮಾನ ಏನೂ ಬರೆಯಲಿಲ್ಲ. ಬರೆದವಳು ಶ್ರೀಕೃತಿ. ನೋಟುಬುಕ್ಕಿನ ಹಾಳೆಗಳನ್ನು, ಅದರ ಮೇಲಿನ ತಾರೀಖುಗಳನ್ನು, ಜೂನ್‌ನ ಪ್ರಬಂಧವನ್ನು ಒಟ್ಟಿಗೆ ಸಮಿತಿಗೆ ಕಳಿಸಿದಳು. ಏಪ್ರಿಲ್‌ನಲ್ಲಿ ಒಂದು ದಿನದ ಪರೀಕ್ಷೆಗೆ ಹುಲುಗಮ್ಮನನ್ನು ಕುರುಗೋಡಿಗೆ ಕರೆಸಿದರು. ಸಮಿತಿಯ ಮೂವರು ಪರದೆಯ ಮೇಲಿದ್ದರು, ಪವಮಾನ ಕೋಣೆಯ ಮೂಲೆಯಲ್ಲಿ ಕೂತಿದ್ದ. ಗುಡ್ಡದ ಕಲ್ಲು ಕಾದು ಗಾಳಿ ನಡುಗುತ್ತಿತ್ತು.

ಅವಳು ಒಂದೇ ಕ್ವೇಸಾರ್ ಆರಿಸಿಕೊಂಡಳು. ಡಿಶ್ ಅನ್ನು ಬಲಗಡೆಯಿಂದ ಅದಕ್ಕೆ ತಿರುಗಿಸಿ ಮಿಡಿತ ಅಳೆದಳು. ಪೂರ್ತಿ ಹಿಂದಕ್ಕೆ ತಂದು ಎಡಗಡೆಯಿಂದ ತಿರುಗಿಸಿ ಮತ್ತೆ ಅಳೆದಳು. ಹೀಗೆ ಹದಿನಾರು ಸಲ. ಮೊದಲ ಎರಡು ಸಲ ಅವಳಿಗೆ ಪರದೆ ಸರಿಯಾಗಿ ಕಾಣಲೇ ಇಲ್ಲ. ಐದನೆಯದರ ಹೊತ್ತಿಗೆ ಚುಕ್ಕೆಗಳು ಎರಡು ಸಾಲಾಗಿ ಬೇರೆ ಬೇರೆ ನಿಂತಿದ್ದವು. ಹದಿನಾರು ಮುಗಿದಾಗ ನಡುವೆ ಒಂದು ಚುಕ್ಕೆಯೂ ಇರಲಿಲ್ಲ. ಮೇಲೆ ಎಂಟು, ಕೆಳಗೆ ಎಂಟು. ಇದನ್ನು ಮೊದಲು ಗಮನಿಸಿದವರು ಯಾರು ಎಂದು ಪರದೆಯ ಮೇಲಿನ ಹಿರಿಯರೊಬ್ಬರು ಕೇಳಿದರು. ಎಲ್ಲರೂ ಪವಮಾನನ ಕಡೆ ನೋಡಿದರು. ಅವನು ತಂಡದ ಕೆಲಸ ಎಂದ. ಹುಲುಗಮ್ಮ ಅವನ ಮುಖವನ್ನೇ ನೋಡಿದಳು. ಇನ್ನೊಂದು ಅವಕಾಶ ಸಿಕ್ಕಾಗಲೂ ಅವನು ಹೀಗೇ ಮಾಡುತ್ತಾನೆ ಎಂದು ಅವಳು ಎಣಿಸಿರಲಿಲ್ಲ. ನಾನು, ಎಂದಳು ಕನ್ನಡದಲ್ಲೇ. ಶ್ರೀಕೃತಿ ಅದನ್ನು ಇಂಗ್ಲಿಷಿನಲ್ಲಿ ಹೇಳಿ, ನೋಟುಬುಕ್ಕನ್ನು ಕ್ಯಾಮೆರಾಗೆ ಹಿಡಿದಳು.

ಸಮಿತಿ ಮಾಡಿದ್ದು ಇಷ್ಟು. ಹುಲುಗಮ್ಮನ ಮೇಲಿನ ಟಿಪ್ಪಣಿಯನ್ನು ಫೈಲಿನಿಂದ ತೆಗೆಯಿತು. ಕೇಬಲ್ ಅಳೆಯುವ ಪೆಟ್ಟಿಗೆ ತರಿಸಲು ಮಂಜೂರಾತಿ ಕೊಟ್ಟಿತು. ಕೇಂದ್ರ ಮುಚ್ಚಲಿಲ್ಲ, ಮುಚ್ಚುವ ಮಾತೂ ಬರಲಿಲ್ಲ. ಪವಮಾನನಿಗೆ ಒಂದು ಎಚ್ಚರಿಕೆಯ ಪತ್ರ ಬಂತಂತೆ, ಅವನು ಮುಖ್ಯಸ್ಥನಾಗಿಯೇ ಉಳಿದ. ಅವನ ಪ್ರಬಂಧ ಅಚ್ಚಾದಾಗ ಕೊನೆಯಲ್ಲಿ ಕೃತಜ್ಞತೆ ಹೇಳಿದ ಹನ್ನೆರಡು ಹೆಸರುಗಳಲ್ಲಿ ಅವಳದೂ ಇತ್ತು, ಅಕ್ಷರ ತಪ್ಪಾಗಿ. ಅನುಷಾ ಅದನ್ನು ಫೋನಿನಲ್ಲಿ ತೋರಿಸಿದಾಗ ಹುಲುಗಮ್ಮ ಓದಿ ಫೋನ್ ತಿರುಗಿ ಕೊಟ್ಟಳು.

ಹಳೆಯ ಕೆಲಸಕ್ಕೇ ಬರಬಹುದು ಎಂದು ಪತ್ರವೂ ಬಂತು. ಮಾರೇಶ ಹೋಗು ಎಂದ. ಆ ಕೆಲಸ ನಿನ್ನದು, ಅವನಿಗೆ ಹೆದರಿ ಯಾಕೆ ಬಿಡುತ್ತೀ ಎಂದು ವಾದ ಮಾಡಿದ. ಹೆದರಿಕೆಯಲ್ಲ ಎಂದು ಅವಳು ಹೇಳಿದಳು, ಆದರೆ ಏನೆಂದು ಬಿಡಿಸಿ ಹೇಳಲು ಅವತ್ತು ಆಗಲಿಲ್ಲ. ಮೂರು ದಿನ ಪತ್ರ ಮೇಜಿನ ಮೇಲಿತ್ತು. ನಾಲ್ಕನೇ ದಿನ ಅವಳು ಒಂದು ಸಾಲಿನಲ್ಲಿ, ಕನ್ನಡದಲ್ಲಿ, ಬರುವುದಿಲ್ಲ ಎಂದು ಬರೆದು ಕಳಿಸಿದಳು.

ಜಂಬುನಾಥರ ಗಿರಣಿಗೆ ತಾನಾಗಿಯೇ ಹೋದಳು. ಆ ದಿನ ಯಂತ್ರ ಕೆಟ್ಟಿರಲಿಲ್ಲ, ಆದರೂ ಹಿಂಬದಿ ತೆಗೆದು ಎಲ್ಲ ಜೋಡಣೆ ಒಂದೊಂದಾಗಿ ನೋಡಿದಳು. ಬೇಸಿಗೆ ಮುಗಿಯುವಷ್ಟರಲ್ಲಿ ಸಿರುಗುಪ್ಪದ ಹತ್ತು ಹನ್ನೆರಡು ಗಿರಣಿಗಳ ಯಂತ್ರಗಳು ಅವಳ ಕೈಗೆ ಬಂದವು. ರಾರಾವಿ ಕಡೆಯಿಂದಲೂ ಕರೆ ಬರುತ್ತಿತ್ತು. ಕೈಯ ನಡುಕ ಯಾವಾಗ ನಿಂತಿತು ಎಂದು ಅವಳಿಗೇ ಗೊತ್ತಾಗಲಿಲ್ಲ. ನಿಲ್ಲದೆ ಉಳಿದದ್ದು ಬೇರೆ: ಯಾರಾದರೂ ಅವಳ ಕೆಲಸ ಹೊಗಳಿದರೆ ಅವಳಿಗೆ ಮೊದಲು ಬರುತ್ತಿದ್ದದ್ದು ಅನುಮಾನ, ಆಮೇಲೆ ಸಂತೋಷ.

ಜೂನ್‌ನಲ್ಲಿ ಒಂದು ಮುಂಜಾನೆ ಪವಮಾನನ ಹೆಸರು ಫೋನಿನ ಮೇಲೆ ಮೂಡಿತು. ಅವಳು ಎತ್ತಲಿಲ್ಲ. ಮೂರು ಸಲ ಬಂದು ನಿಂತಿತು, ಆಮೇಲೆ ದನಿಯ ಸಂದೇಶ ಬಂತು. ಹೀಲಿಯಂ ಕಂಪ್ರೆಸರ್ ಅರ್ಧ ಗಂಟೆ ಓಡಿ ನಿಂತುಹೋಗುತ್ತದೆ, ರಿಸೀವರ್ ಬಿಸಿಯಾಗುತ್ತಿದೆ, ಹಿಂದೆ ಒಮ್ಮೆ ಹೀಗೇ ಆದಾಗ ನೀನು ಏನು ಮಾಡಿದ್ದೆ ಎಂದು ಕೇಳಿದ್ದ. ದನಿಯಲ್ಲಿ ಮೊದಲಿನ ಸಲುಗೆಯೇ ಇತ್ತು, ನಡುವೆ ಏನೂ ಆಗಿಲ್ಲವೆಂಬಂತೆ.

ಅವಳು ಅವನಿಗೆ ಉತ್ತರ ಕೊಡಲಿಲ್ಲ. ಶ್ರೀಕೃತಿಗೆ ಫೋನ್ ಮಾಡಿದಳು. ಹೊರಗಿನ ಗಾಳಿಯ ಜಾಲರಿ ಬಿಚ್ಚಿ ನೋಡು, ಕಲ್ಲುಗಣಿಯ ಧೂಳು ಕೂತು ಮುಚ್ಚಿರುತ್ತದೆ, ನೀರಿನಿಂದ ತೊಳೆದು ಪೂರ್ತಿ ಒಣಗಿಸಿ ಹಾಕು ಎಂದಳು. ಒಂದು ತಾಸಿನ ಮೇಲೆ ಶ್ರೀಕೃತಿ ತಿರುಗಿ ಫೋನ್ ಮಾಡಿದಳು, ಕಂಪ್ರೆಸರ್ ಓಡುತ್ತಿದೆ ಎಂದು. ಹೊಸ ಪೆಟ್ಟಿಗೆ ಬಂದ ಮೇಲೆ ಅಳತೆ ಎರಡು ಮಿಲಿಮೀಟರಿಗೆ ಇಳಿದಿದೆ ಎಂದೂ ಹೇಳಿದಳು. ಹುಲುಗಮ್ಮ ಅಂಕಿ ಕೇಳಿ ಇನ್ನೊಮ್ಮೆ ಹೇಳಿಸಿಕೊಂಡಳು. ಒಂದು ಸಲ ಬಂದು ನೋಡಿ ಹೋಗು ಅಕ್ಕಾ ಎಂದು ಶ್ರೀಕೃತಿ ಕರೆದಳು.

"ಯಂತ್ರದ ಮ್ಯಾಲೆ ನನಗ ಸಿಟ್ಟಿಲ್ಲ ತಂಗಿ. ಅದು ಖರೇನ ಹೇಳಿತ್ತು," ಎಂದಳು ಹುಲುಗಮ್ಮ. "ಆ ಮನಷ್ಯಾ ಕೂಡೋ ಖೋಲಿಯಾಗ ನನಗ ಕೂಡಾಕ ಆಗಂಗಿಲ್ಲ, ಅಷ್ಟ."

ಗಿರಣಿಯ ಬಾಗಿಲಲ್ಲಿ ಲಾರಿ ಬಂದು ನಿಂತಿತ್ತು, ಜಂಬುನಾಥರು ಯಂತ್ರ ಶುರುಮಾಡಲು ಕೈಮಾಡಿ ಕರೆಯುತ್ತಿದ್ದರು. ಅವಳು ಮತ್ತೆ ಫೋನ್ ಮಾಡುತ್ತೇನೆ ಎಂದು ಹೇಳಿ ಒಳಗೆ ಹೋದಳು.